ಓದುಗರ ಪ್ರಶ್ನೆ: ಮ್ಯಾಜಿಕ್ ಲ್ಯಾಂಟರ್ನಿನ ಗಾಜಿನ ಕಥೆಗಳು

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳು ಹಳೇ ಸಾಮಾನಿನ ಅಂಗಡಿಯಿಂದ ಹನ್ನೆರಡು ಗಾಜಿನ ಸ್ಲೈಡ್ ತಂದಿದ್ದಾಳೆ. ಕುಡುಕ ಗಂಡ, ಹರಕು ಬಟ್ಟೆಯ ಮಕ್ಕಳು, ಕೊನೆಗೆ ಒಂದಾದ ಸಂಸಾರ. ಇವು ಫೋಟೊಗಳೋ, ಬರೆದ ಚಿತ್ರಗಳೋ? ಕಥೆ ಯಾವುದೆಂದು ತಿಳಿಯುವುದು ಹೇಗೆ? (ಓದುಗರು, ಧಾರವಾಡ)

ಉತ್ತರ: ಇವು ಮ್ಯಾಜಿಕ್ ಲ್ಯಾಂಟರ್ನಿನ ಸ್ಲೈಡುಗಳು; ಗಾಜಿನ ಚಿತ್ರವನ್ನು ದೀಪ, ಮಸೂರಗಳಿಂದ ಪರದೆಯ ಮೇಲೆ ದೊಡ್ಡದಾಗಿ ಬೀಳಿಸುವ ಹಳೆಯ ಯಂತ್ರ ಅದು. ಲಕ್ಷಣ ನೋಡಿದರೆ ‘ಲೈಫ್ ಮಾಡೆಲ್’ ಬಗೆಯವು, ಎರಡೂ ಹೌದು. ಬರೆದ ಪರದೆಯ ಮುಂದೆ ವೇಷ ಹಾಕಿದವರನ್ನು ನಿಲ್ಲಿಸಿ ಫೋಟೊ ತೆಗೆದು, ಗಾಜಿಗೆ ಇಳಿಸಿ, ಕೈಯಿಂದ ಬಣ್ಣ ತುಂಬುತ್ತಿದ್ದರು. ಯಾರ್ಕ್‌ಶೈರಿನ ಹೋಮ್‌ಫರ್ತ್ ಊರಿನ ಬ್ಯಾಮ್‌ಫೋರ್ತ್ ಕಂಪನಿ 1880ರ ದಶಕದಿಂದ ಇದರಲ್ಲಿ ದೊಡ್ಡ ಹೆಸರು. ಜೇಮ್ಸ್ ಬ್ಯಾಮ್‌ಫೋರ್ತ್ ಪರದೆಗಳನ್ನು ತಾವೇ ಬರೆಯುತ್ತಿದ್ದರು; ಪಾತ್ರ ಮಾಡುತ್ತಿದ್ದವರು ಅವರ ಮನೆಯವರು, ಊರಿನವರು. ಲಂಡನ್ನಿನ ಯಾರ್ಕ್ ಆಂಡ್ ಸನ್ ಕೂಡ ಇಂಥವನ್ನು ಮಾಡುತ್ತಿತ್ತು.

ಭೂತಗನ್ನಡಿ ಹಿಡಿದು ಹಿನ್ನೆಲೆ ನೋಡಿ. ಒಲೆಗೂಡು, ಕಿಟಕಿ, ಅವುಗಳ ನೆರಳು ಎಲ್ಲವೂ ಕುಂಚದಲ್ಲೇ ಬರೆದಂತಿದ್ದು, ನೆಲ ಮತ್ತು ಪರದೆ ಸೇರುವ ಗೆರೆ ಕಂಡರೆ ಅನುಮಾನ ಬೇಡ. ಅಂಚಿನ ಕಾಗದದ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಥೆಯ ಹೆಸರು, ಕ್ರಮಸಂಖ್ಯೆ ಇರುತ್ತವೆ. ಪಟ್ಟಿ ಎಷ್ಟೇ ಹರಿದಿದ್ದರೂ ಕೀಳಬೇಡಿ, ಗುರುತು ಸಿಗುವುದು ಅಲ್ಲೇ.

ಇಂಥ ಸೆಟ್ಟಿನ ಜೊತೆ ‘ರೀಡಿಂಗ್’ ಎಂಬ ಚಿಕ್ಕ ಪುಸ್ತಿಕೆ ಬರುತ್ತಿತ್ತು. ಪದ್ಯವೋ ಗದ್ಯವೋ, ಓದುಗ ಗಟ್ಟಿಯಾಗಿ ಓದುತ್ತಾ ಹೋಗುವಾಗ ಸಂಖ್ಯೆ ಬಂದಲ್ಲಿ ಸ್ಲೈಡ್ ಬದಲಾಗುತ್ತಿತ್ತು. ಪಾನವಿರೋಧಿ ಸಂಘವಾದ ಬ್ಯಾಂಡ್ ಆಫ್ ಹೋಪ್ ಸೆಟ್ಟುಗಳನ್ನು ಬಾಡಿಗೆಗೂ ಕೊಡುತ್ತಿತ್ತು. ಪುಸ್ತಿಕೆಯಿಲ್ಲದ ಸೆಟ್ ಅರ್ಧ ಕಥೆ ಎಂದೇ ನಮ್ಮ ಅಭಿಪ್ರಾಯ: ಸ್ಲೈಡಿನಲ್ಲಿ ಕಾಣುವುದು ಖಾಲಿ ತಟ್ಟೆ ಮಾತ್ರ, ಅದು ಖಾಲಿಯಾದದ್ದು ಹೇಗೆಂದು ಹೇಳುವುದು ಓದು. ಹೆಸರು ಸಿಕ್ಕರೆ ‘ಲ್ಯೂಸರ್ನಾ’ ಎಂಬ ಅಂತರಜಾಲ ಸಂಗ್ರಹದಲ್ಲಿ ಹುಡುಕಿ.

ಪ್ರಶ್ನೆ: ಸ್ಲೈಡಿನ ಮೂಲೆಗಳಲ್ಲಿ ಎರಡು ಬಿಳಿ ಚುಕ್ಕೆ ಯಾಕೆ? (ಓದುಗರು, ಶಿವಮೊಗ್ಗ)

ಉತ್ತರ: ಲ್ಯಾಂಟರ್ನಿಗೆ ಹಾಕುವ ದಿಕ್ಕು ತಿಳಿಯಲು. ಚಿತ್ರ ನೆಟ್ಟಗೆ, ಬರಹ ಸರಿಯಾಗಿ ಕಾಣುವಂತೆ ಹಿಡಿದರೆ ಬ್ರಿಟಿಷ್ ಸ್ಲೈಡಿನಲ್ಲಿ ಚುಕ್ಕೆಗಳು ಮೇಲಿರುತ್ತವೆ. ಹಾಕುವಾಗ ತಲೆಕೆಳಗು ಮಾಡಿ, ಚುಕ್ಕೆಯಿರುವ ಮುಖ ದೀಪದ ಕಡೆಗಿರಲಿ. ಕತ್ತಲಲ್ಲಿ ಕಣ್ಣಿಗೆ ಬೀಳಲೆಂದೇ ಬಿಳಿ ಬಣ್ಣ. ಪರದೆಯ ಹಿಂದಿನಿಂದ ತೋರಿಸುವುದಾದರೆ ಮಾತ್ರ ಆ ಮುಖ ಮಸೂರದ ಕಡೆಗೆ.

ಪ್ರಶ್ನೆ: ಹಡಗು ಒಡೆಯುವ, ಮನೆ ಹೊತ್ತಿ ಉರಿಯುವ ಸಾಹಸ ಕಥೆಗಳಲ್ಲಿ ದೃಶ್ಯ ಕಣ್ಣೆದುರೇ ಬದಲಾಗುತ್ತಿತ್ತಂತೆ. ಸ್ಥಿರಚಿತ್ರದಲ್ಲಿ ಅದು ಹೇಗೆ ಸಾಧ್ಯ? (ಓದುಗರು, ಮೈಸೂರು)

ಉತ್ತರ: ಒಂದರ ಮೇಲೊಂದು ಎರಡು ಲ್ಯಾಂಟರ್ನ್ ಕೂಡಿಸಿದ ‘ಬೈಯೂನಿಯಲ್’ ಯಂತ್ರದಿಂದ. ಕೆಳಗಿನದರಲ್ಲಿ ಶಾಂತ ಸಮುದ್ರ, ಮೇಲಿನದರಲ್ಲಿ ಅದೇ ಸಮುದ್ರ ಬಿರುಗಾಳಿಯಲ್ಲಿ. ನಡುವಿನ ನಲ್ಲಿ ತಿರುಗಿಸಿದರೆ ಒಂದರ ದೀಪಕ್ಕೆ ಹೋಗುವ ಅನಿಲ ಕುಗ್ಗಿ ಇನ್ನೊಂದರದು ಹೆಚ್ಚುತ್ತದೆ. ಒಂದು ಚಿತ್ರ ಕರಗಿ ಇನ್ನೊಂದು ಮೂಡುತ್ತದೆ. ನಲ್ಲಿಯಲ್ಲಿ ಪಕ್ಕದಾರಿಯೊಂದಿದ್ದು, ಆರಿಸಿದ ಕಡೆಯೂ ಸಣ್ಣ ಜ್ವಾಲೆ ಉಳಿಯುವಂತೆ ಅನಿಲ ಬಿಡುತ್ತಿತ್ತು. ಮೊದಲೇ ಎರಡೂ ಬೆಳಕನ್ನು ಪರದೆಯ ಮೇಲೆ ಕರಾರುವಾಕ್ಕಾಗಿ ಕೂಡಿಸಿಕೊಳ್ಳಬೇಕು. ಇಲ್ಲದಿದ್ದರೆ ಬದಲಾಗುವಾಗ ಹಡಗು ಪಕ್ಕಕ್ಕೆ ಜಿಗಿಯುತ್ತದೆ.

ಬೆಳಕು ಲೈಮ್‌ಲೈಟಿನದು: ಸುಣ್ಣದ ಉರುಳೆಯ ಮೇಲೆ ಆಮ್ಲಜನಕ, ಜಲಜನಕಗಳ ಉರಿ. ಉರಿ ತಾಗಿದ ಜಾಗದಲ್ಲಿ ಗುಳಿ ಬೀಳುತ್ತದೆ. ಉರುಳೆಯನ್ನು ಆಗಾಗ ತಿರುಗಿಸದಿದ್ದರೆ ಬೆಳಕು ಮಂಕಾಗುವುದಷ್ಟೇ ಅಲ್ಲ, ಉರಿ ಗುಳಿಯಿಂದ ಹಿಂದಿರುಗಿ, ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಕಂಡೆನ್ಸರ್ ಮಸೂರವನ್ನೇ ಸೀಳಬಹುದು.

ಹಿಮ ಬೀಳಿಸುವ ಕೈಚಳಕ ನಮಗೆ ಅತಿ ಇಷ್ಟ. ಸೂಜಿಯಿಂದ ತೂತು ಮಾಡಿದ ಕಪ್ಪು ಬಟ್ಟೆಯನ್ನು ಎರಡು ಉರುಳೆಗೆ ಸುತ್ತಿ, ಒಂದು ಲ್ಯಾಂಟರ್ನಿನಲ್ಲಿ ಹಾಕಿ ನಿಧಾನ ತಿರುಗಿಸುತ್ತಿದ್ದರು. ಮಸೂರ ಬಿಂಬವನ್ನು ತಲೆಕೆಳಗು ಮಾಡುವುದರಿಂದ ಬಟ್ಟೆ ಮೇಲಕ್ಕೆ ಸರಿಯಬೇಕು. ಕೆಳಕ್ಕೆ ಸುತ್ತಿದರೆ ಹಿಮ ನೆಲದಿಂದ ಆಕಾಶಕ್ಕೆ ಏರುತ್ತದೆ.

ಪ್ರಶ್ನೆ: ಭಾರತದಲ್ಲಿ ಇಂಥ ಕಥೆಗಳನ್ನು ಯಾರಾದರೂ ಮಾಡಿದ್ದರೇ? (ಓದುಗರು, ಬೆಳಗಾವಿ)

ಉತ್ತರ: ಮಾಡಿದ್ದರು. ಕಲ್ಯಾಣದ ಮಹಾದೇವ ಪಟವರ್ಧನ್ ಮತ್ತು ಅವರ ಮಕ್ಕಳು 1892ರಿಂದ ‘ಶಾಂಬರಿಕ ಖರೋಲಿಕಾ’ ಎಂಬ ಹೆಸರಿನಲ್ಲಿ ಕೈಯಲ್ಲಿ ಬರೆದ ಸ್ಲೈಡುಗಳಿಂದ ಪುರಾಣಕಥೆಗಳನ್ನು ತೋರಿಸಿದರು.

ಪ್ರಶ್ನೆ: ಹಳೆಯ ಸ್ಲೈಡುಗಳಿಗೆ ಧೂಳು ಹಿಡಿದಿದೆ. ಒರೆಸಿ ಗೋಡೆಯ ಮೇಲೆ ತೋರಿಸಬಹುದೇ? (ಓದುಗರು, ಬೆಂಗಳೂರು)

ಉತ್ತರ: ಬ್ರಿಟಿಷ್ ಸ್ಲೈಡ್ ಎಂದರೆ ಮೂರೂಕಾಲು ಇಂಚು ಚೌಕದ ಎರಡು ಗಾಜು, ಚಿತ್ರ ಮತ್ತು ಬಣ್ಣ ಒಳಮುಖದಲ್ಲಿ. ಹೊರಗಾಜನ್ನು ಒಣ ಮೃದು ಬಟ್ಟೆಯಿಂದ ಒರೆಸಿ. ಬೇಕೇ ಬೇಕೆಂದರೆ ಬಟ್ಟೆಯನ್ನು ತುಸುವೇ ತೇವ ಮಾಡಿ, ಆದರೆ ಅಂಚಿನ ಪಟ್ಟಿಗೆ ತಾಗಿಸಬೇಡಿ. ನೀರು ಒಳಗಿಳಿದರೆ ಚಿತ್ರ ಹಿಡಿದಿರುವ ಜೆಲಟಿನ್ ಪದರ ಉಬ್ಬಿ ಚಿತ್ರ ಏಳುತ್ತದೆ. ಒಂಟಿ ಗಾಜಾಗಿದ್ದು ಬಣ್ಣ ಮೇಲೆಯೇ ಇದ್ದರೆ, ಕೈಪಂಪಿನ ಗಾಳಿ ಬಿಟ್ಟು ಬೇರೇನೂ ಸೋಕಿಸಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಬೇಗ ಬರುತ್ತದೆ, ಆದ್ದರಿಂದ ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ನಿಲ್ಲಿಸಿ, ಒಣ ಕೋಣೆಯಲ್ಲಿಡಿ.

ಹಳೆಯ ಲ್ಯಾಂಟರ್ನಿದ್ದರೆ ಬಿಸಿ ಬಲ್ಬ್ ಬೇಡ, ಎಲ್‌ಇಡಿ ಹಾಕಿ. ಬಿಸಿಗೆ ಗಾಜು ಬಿರುಕು ಬಿಡುತ್ತದೆ, ಬಣ್ಣ ಸಿಪ್ಪೆಯೇಳುತ್ತದೆ. ಮಸೂರದ ಸಂಗಮದೂರ 200 ಮಿ.ಮೀ. ಇದ್ದು ಗೋಡೆ 6 ಮೀಟರ್ ದೂರದಲ್ಲಿದ್ದರೆ, 75 ಮಿ.ಮೀ. ಚಿತ್ರ ಸುಮಾರು 2.2 ಮೀಟರ್ ಅಗಲ ಬೀಳುತ್ತದೆ. ಪದೇ ಪದೇ ತೋರಿಸುವುದಾದರೆ ಮೂಲ ಸ್ಲೈಡ್ ಬೇಡ. ಲೈಟ್‌ಬಾಕ್ಸ್ ಮೇಲಿಟ್ಟು, ಅಂಚಿನ ಪಟ್ಟಿಯೂ ಸೇರುವಂತೆ ಫೋಟೊ ತೆಗೆದು, ಅದನ್ನೇ ಪ್ರೊಜೆಕ್ಟರಿನಲ್ಲಿ ತೋರಿಸಿ.