ಓದುಗರ ಪ್ರಶ್ನೆ, ನಮ್ಮ ಉತ್ತರ: ಜೋರು ದನಿ ಇಲ್ಲದವರು ಅಧ್ಯಕ್ಷರಾಗಬಾರದಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಹೊಸನಗರ ತಾಲೂಕಿನವಳು. ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಈ ಸಲ ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ. ಊರಲ್ಲಿ ಎರಡು ಗುಂಪು, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗಲ್ಲ, ಅದಕ್ಕೇ ಇಬ್ಬರೂ ನನ್ನ ಹೆಸರಿಗೆ ಒಪ್ಪಿದ್ದು. ಮೀಟಿಂಗಿನಲ್ಲಿ ನಾನು ಬಾಯಿ ತೆರೆಯೋಷ್ಟರಲ್ಲಿ ಹಿರಿಯರು ಮಾತು ಮುಗಿಸಿರ್ತಾರೆ. ಹಾಲಿನ ಫ್ಯಾಟ್ (ಕೊಬ್ಬಿನ ಅಂಶ) ಕಡಿಮೆ ಬರ್ತಿದೆ, ಏನೋ ಮೋಸ ಇದೆ ಅಂತ ಸದಸ್ಯರ ಗಲಾಟೆ. ಕಾರ್ಯದರ್ಶಿಯನ್ನು ಕೇಳಿದರೆ "ನಿಮಗೆ ಇದೆಲ್ಲ ಗೊತ್ತಾಗಲ್ಲ, ಸಹಿ ಹಾಕಿದ್ರೆ ಸಾಕು" ಅಂತಾರೆ. ನನಗೆ ಭಾಷಣ ಬರಲ್ಲ, ಜೋರು ಮಾಡೋಕೂ ಬರಲ್ಲ. ನಾಲ್ಕು ಜನ ಮಾತು ಕೇಳೋ ಹಾಗೆ ಆಗಬೇಕಾದ್ರೆ ಏನಿರಬೇಕು? ರಾಜೀನಾಮೆ ಕೊಡೋದೇ ವಾಸಿನಾ?

ಉತ್ತರ: ರಾಜೀನಾಮೆ ಖಂಡಿತ ಬೇಡ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಸದಸ್ಯರು ಗಲಾಟೆ ಮಾಡುತ್ತಿರುವುದು ಅಧ್ಯಕ್ಷೆಯ ದನಿ ಸಣ್ಣದು ಅಂತಲ್ಲ, ಅಳತೆಯ ಮೇಲೆ ಅನುಮಾನ ಬಂದಿದೆ ಅಂತ. ಆ ಅನುಮಾನವನ್ನು ಯಾರು ಬಗೆಹರಿಸುತ್ತಾರೋ ಅವರ ಮಾತಿಗೆ ಊರಲ್ಲಿ ತೂಕ ಬರುತ್ತದೆ. ಅವರು ಮೆತ್ತಗೆ ಮಾತಾಡಿದರೂ ಸರಿ.

ನಿಮ್ಮ ಪಕ್ಕದ ಸಾಗರ ತಾಲೂಕಿನ ಕಾಗೋಡನ್ನೇ ತೆಗೆದುಕೊಳ್ಳಿ. 1951ರಲ್ಲಿ ಅಲ್ಲಿ ನಡೆದ ಸತ್ಯಾಗ್ರಹದ ಮೂಲದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರ ಮನೆಯದು, ಅದು ಇರಬೇಕಾದ್ದಕ್ಕಿಂತ ದೊಡ್ಡದು ಅನ್ನುವುದು ಗೇಣಿದಾರರ ದೂರು. ಮಳೆಗಾಲವೆಲ್ಲ ಕೆಸರಲ್ಲಿ ನಿಂತು ಬೆಳೆದ ಭತ್ತ ಕಣದಲ್ಲಿ ಅಳೆಯುವಾಗ ಕೊಳಗಕ್ಕೆ ಇಷ್ಟು ಅಂತ ಹೆಚ್ಚು ಹೋಗುತ್ತಿದ್ದರೆ ಹೊಟ್ಟೆ ಉರಿಯದೇ ಇರುತ್ತದಾ? ಎಚ್. ಗಣಪತಿಯಪ್ಪನವರು ಆ ರೈತರನ್ನು ಸೇರಿಸಿ ಮೊದಲೇ ರೈತ ಸಂಘ ಕಟ್ಟಿದ್ದರು. ಆಮೇಲೆ ಸಮಾಜವಾದಿ ಪಕ್ಷ ಬಂತು, ಆಗಿನ್ನೂ 28 ವರ್ಷದ ಶಾಂತವೇರಿ ಗೋಪಾಲಗೌಡರು ಬಂದರು. ರೈತರು ಗದ್ದೆಗಿಳಿದು ಬಂಧನಕ್ಕೊಳಗಾದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರೆ ಅವರನ್ನೂ ಬಂಧಿಸಿದರು. ಮರುವರ್ಷ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಅಲ್ಲಿ ಅವರು ಆಡಿದ ಮಾತುಗಳನ್ನು ಈಗಲೂ ನೆನೆಯುವವರಿದ್ದಾರೆ.

ಈ ಕತೆ ಹೇಳುವಾಗ ನಾವು ಭಾಷಣಗಳನ್ನೇ ಜಾಸ್ತಿ ಹೇಳುತ್ತೇವೆ. ನನಗೆ ಮಾತ್ರ ಅದಕ್ಕಿಂತ ಹಿಂದಿನ ಕೆಲಸವೇ ದೊಡ್ಡದು ಅನ್ನಿಸುತ್ತದೆ. ಒಡೆಯರ ಎದುರು ತಲೆ ಎತ್ತಲು ಹೆದರುವ ಜನರನ್ನು ಒಟ್ಟುಗೂಡಿಸಿ ಸಂಘ ಮಾಡಿದ್ದು, ಪ್ರತಿಯೊಬ್ಬ ರೈತನೂ ಕೈಯಲ್ಲಿ ಹಿಡಿದು ನೋಡಿದ್ದ ಆ ಕೊಳಗದ ಸುತ್ತಲೇ ಮಾತು ಕಟ್ಟಿದ್ದು. ಕೇಳುವ ಜನ ಮೊದಲೇ ಒಟ್ಟಾಗಿದ್ದರು, ಅದಕ್ಕೇ ಗೌಡರ ಮಾತು ನಾಟಿತು. ಮತ್ತೆ ಫಲ ಏನು ಕೂಡಲೇ ಸಿಕ್ಕಲಿಲ್ಲ. ಗೇಣಿ ಜಮೀನು ಉಳುವವನಿಗೆ ಸೇರುವ ಕಾನೂನು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ಗೋಪಾಲಗೌಡರು ತೀರಿಕೊಂಡು ಎರಡು ವರ್ಷವಾಗಿತ್ತು.

ಈಗ ನಿಮ್ಮ ಡೈರಿಗೆ ಬರೋಣ. ನಿಮ್ಮೂರಿನ ಕೊಳಗ ಅಂದರೆ ಆ ಫ್ಯಾಟ್ ಮೆಷಿನ್. ನಾಳೆ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಹೋಗಿ ಸುಮ್ನೆ ಒಂದು ಕಡೆ ನಿಂತುಕೊಳ್ಳಿ. ಏನೂ ಮಾತಾಡಬೇಡಿ. ಸ್ಯಾಂಪಲ್ ತೆಗೆಯುವ ಮುಂಚೆ ಹಾಲನ್ನು ಚೆನ್ನಾಗಿ ಕಲಕುತ್ತಾರಾ ನೋಡಿ. ಕೊಬ್ಬು ಮೇಲೆ ತೇಲುತ್ತದೆ, ಕಲಕದೆ ಮೇಲಿಂದ ತೆಗೆದರೆ ಫ್ಯಾಟ್ ಜಾಸ್ತಿ, ತಳದಿಂದ ತೆಗೆದರೆ ಕಡಿಮೆ. ಮೋಸ ಮಾಡುವ ಮನಸ್ಸೇ ಇಲ್ಲದಿದ್ದರೂ ಅವಸರದಲ್ಲಿ ಇಷ್ಟು ಹೆಚ್ಚುಕಮ್ಮಿ ಆಗಿಬಿಡುತ್ತದೆ. ಮೆಷಿನ್ನಿನ ಅಂಕಿ ಯಾರ ಕಡೆ ಮುಖ ಮಾಡಿದೆ? ಬರೀ ಕಾರ್ಯದರ್ಶಿಗೆ ಕಾಣುತ್ತದೋ, ಕ್ಯಾನ್ ಹಿಡಿದು ನಿಂತ ಅಜ್ಜನಿಗೂ ಕಾಣುತ್ತದೋ? ಚೀಟಿ ಎಲ್ಲರಿಗೂ ಕೊಡುತ್ತಾರಾ, ಕೇಳಿದವರಿಗೆ ಮಾತ್ರವಾ? ಯಾವ ಫ್ಯಾಟಿಗೆ ಎಷ್ಟು ದರ ಅನ್ನುವ ಪಟ್ಟಿ ಗೋಡೆ ಮೇಲೆ ಇದೆಯಾ? ಅಧ್ಯಕ್ಷೆಯಾಗಿ ನಿಮ್ಮ ಮೊದಲ ಕೆಲಸ ಆ ಮೆಷಿನ್ನನ್ನು ಜನರ ಕಡೆ ತಿರುಗಿಸಿ ಇಡಿಸುವುದು. ಇದಕ್ಕೆ ಭಾಷಣ ಬೇಕಾಗಿಲ್ಲ ಅಲ್ವಾ?

ಆಮೇಲೆ ಕೊಟ್ಟಿಗೆ ಕಡೆಯ ವಿಷಯ. ಫ್ಯಾಟ್ ಇಳಿದದ್ದಕ್ಕೆಲ್ಲ ಡೈರಿಯೇ ಕಾರಣ ಅಲ್ಲ. ಮಳೆಗಾಲದಲ್ಲಿ ಎಳೆ ಹಸಿ ಹುಲ್ಲು ಜಾಸ್ತಿಯಾಗಿ ಒಣಹುಲ್ಲು ಕಡಿಮೆಯಾದರೆ ಫ್ಯಾಟ್ ಇಳಿಯುತ್ತದೆ. ಕರೆಯುವಾಗ ಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಹೆಚ್ಚು. ಅದನ್ನು ಪೂರ್ತಿ ಕರುವಿಗೆ ಬಿಟ್ಟರೆ ಡೈರಿಗೆ ಬಂದದ್ದು ತೆಳ್ಳಗಿನ ಹಾಲೇ. ಕರುವಿಗೆ ಬಿಡಬೇಡಿ ಅಂತ ನಾನು ಹೇಳುವುದಿಲ್ಲ, ಮೊದಲೇ ಸ್ವಲ್ಪ ಕುಡಿಸಿ ಆಮೇಲೆ ಕರೆಯಬಹುದು. ಇದನ್ನು ಸದಸ್ಯರಿಗೆ ಒಂದು ಸಂಜೆ ಕೂರಿಸಿ ವಿವರಿಸಿ. ನೀವೂ ದನ ಕಟ್ಟಿದವರು ತಾನೇ, ನಿಮ್ಮ ಕೊಟ್ಟಿಗೆಯ ಚೀಟಿಗಳನ್ನೇ ಅವರ ಮುಂದೆ ಹರವಿ.

"ನಿಮಗೆ ಗೊತ್ತಾಗಲ್ಲ" ಅನ್ನುವ ಮಾತು ನನಗೆ ತುಂಬಾ ಬೇಜಾರು ತರಿಸಿತು. ನಿಮ್ಮ ತಾಲೂಕಿನ ಬಿದನೂರಿನಿಂದಲೇ ಆಳಿದ ಶಿವಪ್ಪನಾಯಕ, 1645ರಿಂದ 1660ರವರೆಗೆ ದೊರೆಯಾಗಿದ್ದವನು, ಕಂದಾಯ ಗೊತ್ತು ಮಾಡುವ ಮುಂಚೆ ಏನು ಮಾಡಿದ ಅನ್ನುವುದು ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿದೆ. ಪ್ರತಿ ಊರಲ್ಲೂ ಒಂದೊಂದು ಬಗೆಯ ಭೂಮಿಯಿಂದ ಒಂದು ಗದ್ದೆಯನ್ನು ತಾನೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ಆದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ 12 ವರ್ಷ ಬರೆಸಿಟ್ಟ. ಸರಾಸರಿ ತೆಗೆದು ಆಮೇಲೆ ದರ ಹಾಕಿದ. ಶಿವಪ್ಪನಾಯಕನ ಶಿಸ್ತು ಅಂತ ನಾವು ಹೇಳುವುದು ಇದನ್ನೇ. ದೊರೆಯೇ ಗದ್ದೆಯ ಲೆಕ್ಕ ಕಲಿತ ಮೇಲೆ ಅಧ್ಯಕ್ಷೆ ಹಾಲಿನ ಲೆಕ್ಕ ಕಲಿಯಬಾರದಾ? ಕಾರ್ಯದರ್ಶಿಯನ್ನು ಎರಡೇ ಅಂಕಿ ಕೇಳಿ: ಕಳೆದ ತಿಂಗಳು ಊರಲ್ಲಿ ಸದಸ್ಯರಿಗೆ ಬರೆದ ಫ್ಯಾಟಿನ ಸರಾಸರಿ ಎಷ್ಟು, ಅದೇ ಹಾಲಿಗೆ ಅದನ್ನು ಸಂಘದಿಂದ ಕೊಳ್ಳುವ ಒಕ್ಕೂಟ ಕೊಟ್ಟ ಫ್ಯಾಟ್ ಎಷ್ಟು. ಎರಡರ ನಡುವೆ ವ್ಯತ್ಯಾಸ ಇದ್ದರೆ ಆ ದುಡ್ಡು ಸಂಘದ ಲಾಭಕ್ಕೆ ಹೋಯಿತೋ, ಬೋನಸ್ಸಾಗಿ ವಾಪಸ್ ಬರುತ್ತದೋ, ಬೇರೆ ಎಲ್ಲಿಗಾದರೂ ಹೋಯಿತೋ ಕೇಳಿ. ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ. ಕಾರ್ಯದರ್ಶಿಯದು ತಪ್ಪೇ ಇಲ್ಲ ಅಂತಲೂ ಆಗಬಹುದು. ಹಾಗಾದರೆ ಅದನ್ನೂ ನೀವೇ ಎಲ್ಲರ ಮುಂದೆ ಹೇಳಬೇಕು. ಸೆಪ್ಟೆಂಬರ್ 25ರ ಒಳಗೆ ಸರ್ವಸದಸ್ಯರ ಸಭೆ ಆಗಲೇಬೇಕಲ್ಲ, ಅಲ್ಲಿ ಲೆಕ್ಕವನ್ನು ನೀವೇ ಓದಿ. ತಡವರಿಸಿದರೂ ಪರವಾಗಿಲ್ಲ.

ಎರಡು ಗುಂಪಿನ ಗೋಜಿಗೆ ನನ್ನ ಸಲಹೆ ಸಣ್ಣದು. ಮೀಟಿಂಗಿನಲ್ಲಿ ಯಾವತ್ತೂ ಮಾತಾಡದವರನ್ನು ಹೆಸರು ಹಿಡಿದು ಮೊದಲು ಕೇಳಿ, ಹಿರಿಯರದ್ದು ಕೊನೆಗೆ ಬರಲಿ. ಅಧ್ಯಕ್ಷೆಯಾದವರಿಗೆ ಆ ಹಕ್ಕು ಇದೆ.

ಕಷ್ಟದ್ದು ಬೇರೆ ಇದೆ. ಒಂದು ದಿನ ನಿಮ್ಮ ಮೈದುನನೋ ನಾದಿನಿಯೋ ತಂದ ಹಾಲಿಗೆ ಡಿಗ್ರಿ (ಹಾಲಿನ ಗಟ್ಟಿತನದ ಅಳತೆ) ಬರುವುದಿಲ್ಲ. ಡೈರಿಯಲ್ಲಿ ಇದ್ದವರೆಲ್ಲ ನಿಮ್ಮ ಮುಖ ನೋಡುತ್ತಾರೆ. ಬೇರೆಯವರ ಹಾಲನ್ನು ವಾಪಸ್ ಕಳಿಸಿದ ಹಾಗೆಯೇ ಅದನ್ನೂ ವಾಪಸ್ ಕಳಿಸಬೇಕು. ಮನೆಯಲ್ಲಿ ಮಾತು ಬರುತ್ತದೆ, ಹಬ್ಬಕ್ಕೆ ಕರೆಯದೇ ಇರಬಹುದು. ಆದರೂ ಕಳಿಸಲೇಬೇಕು. ನೀವು ಆವತ್ತು ಏನು ಮಾಡಿದಿರಿ ಅನ್ನುವುದು ಸಂಜೆಯೊಳಗೆ ಊರಿನ ಪ್ರತಿ ಮನೆಗೂ ಗೊತ್ತಾಗಿರುತ್ತದೆ. ಆಮೇಲೆ ನೀವು ಮೀಟಿಂಗಿನಲ್ಲಿ ಬಾಯಿ ತೆರೆದಾಗ ಹಿರಿಯರು ಕಾಯುತ್ತಾರೆ, ನೋಡಿ ಬೇಕಾದರೆ.

ಪ್ರಶ್ನೆ: ನಾಯಕತ್ವ ಹುಟ್ಟುತ್ತಲೇ ಬರುವುದಾ, ಕಲಿಯಬಹುದಾ? (ಭದ್ರಾವತಿಯಿಂದ ಒಬ್ಬ ಕಾಲೇಜು ವಿದ್ಯಾರ್ಥಿ)

ಉತ್ತರ: ಕಲಿಯಬಹುದು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕ ಹೆಂಗಸರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಿತು, ಈಗ ಅದು ಶೇಕಡಾ 50. ಗಂಡನ ಹಿಂದೆ ನಿಂತು ಸಹಿ ಹಾಕುತ್ತಿದ್ದವರು ಆಮೇಲೆ ಕುಡಿಯುವ ನೀರಿನ ಪೈಪಿಗೆ ಅಧಿಕಾರಿಗಳನ್ನು ತಾವೇ ಬೆನ್ನು ಹತ್ತಿದ್ದನ್ನು ನಮ್ಮ ಹಳ್ಳಿಗಳು ಕಂಡಿವೆ. ಕುರ್ಚಿ ಸಿಕ್ಕಿದ ಮೇಲೆ ಕಲಿತರು. ಕುರ್ಚಿಯನ್ನೇ ಕೊಡದೆ ಇವರಿಗೆ ಆಗಲ್ಲ ಅಂತ ತೀರ್ಮಾನ ಮಾಡುವುದು ಅನ್ಯಾಯ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಗಣಪತಿ ಸಮಿತಿಗೆ ನಾನೇ ಅಧ್ಯಕ್ಷ. ಚಂದಾ ಎತ್ತುವುದು, ಶಾಮಿಯಾನ, ಪ್ರಸಾದ, ಲೆಕ್ಕ ಎಲ್ಲ ನನ್ನ ತಲೆ ಮೇಲೇ. ಹುಡುಗರು ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಅವರನ್ನು ಕೆಲಸಕ್ಕೆ ಹಚ್ಚುವುದು ಹೇಗೆ ಸಾರ್?

ಉತ್ತರ: (ಸಾರ್ ಅಲ್ಲ, ಅಕ್ಕ ಅನ್ನಿ.) ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಹುಡುಗರಿಗೆ ನೀವು ಇದುವರೆಗೆ ಕೊಟ್ಟ ಕೆಲಸ ಯಾವುದು? ಕುರ್ಚಿ ಹೊರುವುದು, ಬಾಳೆಕಂಬ ಕಟ್ಟುವುದು, ಇಷ್ಟೇ ಆದರೆ ಅವರು ಬರುವುದಿಲ್ಲ. ತೀರ್ಮಾನ ನಿಮ್ಮದು, ದುಡಿಮೆ ಮಾತ್ರ ಅವರದ್ದು ಅಂದರೆ ಯಾರಿಗೆ ಮನಸ್ಸು ಬರುತ್ತದೆ?

ಹೆಗ್ಗೋಡಿನ ನೀನಾಸಂ ನೋಡಿ. 1949ರಲ್ಲಿ ಹಳ್ಳಿಯ ನಾಟಕದ ತಂಡವಾಗಿ ಶುರುವಾದದ್ದು. ಅದನ್ನು ಕಟ್ಟಿ ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಅಲ್ಲಿ ರಂಗಶಿಕ್ಷಣ ಕೇಂದ್ರ ಇತ್ತು, ಊರೂರು ಸುತ್ತುವ ತಿರುಗಾಟ ಇತ್ತು. ಒಬ್ಬರೇ ಹಿಡಿದುಕೊಂಡು ಕೂತಿದ್ದರೆ ಇಷ್ಟು ಬೆಳೆಯುತ್ತಿತ್ತಾ? ಅವರು 2005ರಲ್ಲಿ ತೀರಿಕೊಂಡರು, ನಾಟಕಗಳು ನಿಲ್ಲಲಿಲ್ಲ. ನನ್ನ ಕಣ್ಣಿಗೆ ಆ ಪ್ರಶಸ್ತಿಗಿಂತ ಇದೇ ದೊಡ್ಡದು.

ಈ ವರ್ಷ ರಸೀದಿ ಪುಸ್ತಕ ಮತ್ತು ಲೆಕ್ಕ ಎರಡನ್ನೂ ಇಬ್ಬರು ಹುಡುಗರ ಕೈಗೆ ಪೂರ್ತಿ ಕೊಟ್ಟುಬಿಡಿ, ಜಮಾ-ಖರ್ಚನ್ನು ಪೆಂಡಾಲಿನ ಬೋರ್ಡಿಗೆ ದಿನಾ ಅಂಟಿಸಬೇಕು ಅನ್ನುವುದು ಒಂದೇ ಷರತ್ತು. ವಿಸರ್ಜನೆಯ ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದನ್ನು ಇನ್ನೊಬ್ಬ ತೀರ್ಮಾನಿಸಲಿ, ಅನುಮತಿಗೆ ಠಾಣೆಗೂ ಅವನೇ ಹೋಗಲಿ. ನೀವು ಜೊತೆಗೆ ಹೋಗಬೇಡಿ.