ಎರಡನೇ ರೂಟರ್ ಹಾಕಿದ ಮೇಲೆ ಪ್ರಿಂಟರ್ ಯಾಕೆ ಸಿಗುತ್ತಿಲ್ಲ?

ನೀವು ಕೇಳಿದ್ದು: ಮೂಡಿಗೆರೆ ಹತ್ತಿರದ ತೋಟದ ಮನೆಗೆ ಫೈಬರ್ ಬಂದಿದೆ. ಅಲ್ಲಿಂದ ಕಣದಾಚೆಯ ಆಫೀಸ್ ರೂಮಿಗೆ ಕೇಬಲ್ ಎಳೆದು ಎರಡನೇ ರೂಟರ್ ಹಾಕಿದ್ದೀರಿ. ಎರಡೂ ಕಡೆ ನೆಟ್ ಬರುತ್ತದೆ, ಆದರೆ ಮನೆಯ ಲ್ಯಾಪ್‌ಟಾಪಿಗೆ ಆಫೀಸಿನ ಪ್ರಿಂಟರ್ ಕಾಣುವುದಿಲ್ಲ. ವ್ಯಾನ್, ಲ್ಯಾನ್, ಡಿಎಚ್‌ಸಿಪಿ ಅಂದರೆ ಏನು ಅಂತಲೂ ಕೇಳಿದ್ದೀರಿ.

ಪ್ರಿಂಟರ್ ಕೆಟ್ಟಿಲ್ಲ. ಗೊತ್ತಿಲ್ಲದೆ ಎರಡು ಬೇರೆ ಬೇರೆ ನೆಟ್‌ವರ್ಕ್ ಆಗಿಬಿಟ್ಟಿವೆ, ಅಷ್ಟೆ.

ರೂಟರಿನ ಹಿಂಭಾಗ ನೋಡಿ. ಬೇರೆ ಬಣ್ಣದ ಒಂಟಿ ಪೋರ್ಟ್ ಇದ್ದರೆ ಸಾಮಾನ್ಯವಾಗಿ ಅದು ವ್ಯಾನ್, ಅಂದರೆ ಹೊರಗಿನಿಂದ ನೆಟ್ ಬರುವ ಬಾಗಿಲು. ಉಳಿದವು ಲ್ಯಾನ್, ಮನೆಯೊಳಗಿನ ಸಾಧನಗಳಿಗೆ. ವೈಫೈ ಕೂಡ ಲ್ಯಾನೇ, ತಂತಿ ಇಲ್ಲ ಅನ್ನುವುದು ಬಿಟ್ಟರೆ. ಒಳಗಿನ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಬೇಕು. ಅದನ್ನು ತಾನಾಗಿಯೇ ಹಂಚುವ ಕೆಲಸದ ಹೆಸರು ಡಿಎಚ್‌ಸಿಪಿ. ಡಿಎನ್‌ಎಸ್ ಅಂದರೆ ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಐಪಿ ಹುಡುಕಿಕೊಡುವ ವ್ಯವಸ್ಥೆ; ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಫೈಬರ್ ಬಂದು ಸೇರುವ ಡಬ್ಬಿಯನ್ನು ಎಲ್ಲರೂ ಮೊಡೆಮ್ ಅನ್ನುತ್ತಾರೆ, ಸರಿಯಾದ ಹೆಸರು ಓಎನ್‌ಟಿ. ಅದರಲ್ಲೇ ರೂಟರ್ ಕೂಡ ಇರುವುದೇ ಹೆಚ್ಚು.

ಆಫೀಸಿನ ರೂಟರಿಗೆ ಕೇಬಲನ್ನು ವ್ಯಾನ್ ಪೋರ್ಟಿಗೆ ಹಾಕಿರುತ್ತೀರಿ. ಆಗ ಅದಕ್ಕೆ ನಿಮ್ಮ ಮನೆಯೇ 'ಹೊರಗು'. ಆಫೀಸಿನ ಸಾಧನಗಳಿಗೆ ಬೇರೆ ಸಾಲಿನ ವಿಳಾಸ ಹಂಚಿ, ಮನೆ ಕಡೆಯಿಂದ ಬರುವ ಕರೆಯನ್ನು ತಡೆಯುತ್ತದೆ. ಖಾತ್ರಿಯಾಗಬೇಕಾದರೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ipconfig ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಮನೆಯಲ್ಲಿ 192.168.1.7, ಆಫೀಸಿನಲ್ಲಿ 192.168.0.5 ಹೀಗೆ ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ (ಇಲ್ಲಿ 1 ಮತ್ತು 0) ಬೇರೆಯಾಗಿದ್ದರೆ ಇದೇ ಕಾರಣ.

ಬ್ರೌಸರಿನಲ್ಲಿ ಆಫೀಸಿನ ರೂಟರಿನ ಐಪಿ ಕೊಟ್ಟು ಅದರ ಸೆಟ್ಟಿಂಗ್ ಪುಟ ತೆರೆಯಿರಿ. ಅದರಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್', ಅಂದರೆ ಬೇರೆ ನೆಟ್‌ವರ್ಕ್ ಕಟ್ಟದೆ ಮನೆಯದನ್ನೇ ಮುಂದುವರಿಸುವ ವಿಧಾನ, ಇದ್ದರೆ ಅದನ್ನು ಆರಿಸಿ ಸೇವ್ ಮಾಡಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಕೈಯಾರೆ ಮಾಡಬೇಕು. ಮನೆಯಿಂದ ಬರುವ ಕೇಬಲ್ ಕಳಚಿ, ಲ್ಯಾಪ್‌ಟಾಪನ್ನು ಆಫೀಸಿನ ರೂಟರಿಗೆ ಮಾತ್ರ ಜೋಡಿಸಿ. ಮೊದಲು ಅದರ ಲ್ಯಾನ್ ಐಪಿಯನ್ನು 192.168.1.2 ಮಾಡಿ. ಸೆಟ್ಟಿಂಗ್ ಪುಟ ಕಳೆದುಹೋಗುತ್ತದೆ, ಗಾಬರಿ ಬೇಡ. ಲ್ಯಾಪ್‌ಟಾಪಿನ ಕೇಬಲ್ ಒಮ್ಮೆ ಕಳಚಿ ಮತ್ತೆ ಜೋಡಿಸಿ, ಹೊಸ ವಿಳಾಸದಲ್ಲಿ ಮತ್ತೆ ತೆರೆಯಿರಿ. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಈ ಕ್ರಮ ತಿರುವುಮುರುವಾದರೆ ಲ್ಯಾಪ್‌ಟಾಪಿಗೆ 169.254ರಿಂದ ಶುರುವಾಗುವ ವಿಳಾಸ ಬಂದು ರೂಟರ್ ಕೈಗೆ ಸಿಗುವುದಿಲ್ಲ. ಕೊನೆಗೆ ಮನೆಯ ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿ, ವ್ಯಾನ್ ಖಾಲಿ ಬಿಡಿ. ಮನೆಯ ರೂಟರಿನ ಡಿಎಚ್‌ಸಿಪಿ ಹಂಚಿಕೆ 192.168.1.10ರಿಂದ ಶುರುವಾಗುವಂತೆ ಮಾಡಿಕೊಳ್ಳಿ. ಇಲ್ಲವಾದರೆ ಯಾವುದೋ ಮೊಬೈಲಿಗೂ 192.168.1.2 ಸಿಕ್ಕಿ, ಅದೂ ಆಫೀಸಿನ ರೂಟರೂ ಕಚ್ಚಾಡುತ್ತವೆ.

ಪ್ರಿಂಟರಿಗಿಂತ ನನಗೆ ಹೆಚ್ಚು ಆತಂಕ ಆ ಕಣ ದಾಟಿದ ತಾಮ್ರದ ಕೇಬಲ್ ಬಗ್ಗೆ. ದೂರ 100 ಮೀಟರ್ ಒಳಗಿದ್ದರೆ ನೆಟ್ ಏನೋ ಓಡುತ್ತದೆ. ಆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಡಿದರೂ ಸಾಕು, ಆ ತಂತಿಯಲ್ಲಿ ಹರಿದ ವಿದ್ಯುತ್ತು ಎರಡೂ ತುದಿಯ ಪೋರ್ಟ್ ಸುಡಬಹುದು. ಕರೆಂಟಿನ ಪ್ಲಗ್ ಕಿತ್ತಿಟ್ಟರೂ ಈ ದಾರಿ ತೆರೆದೇ ಇರುತ್ತದೆ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಸಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್ ಕೇಬಲಿಗೆ ಜೋಡಿಸುವ ಡಬ್ಬಿ) ಹಾಕಿಸಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಒಂದು ಎಚ್ಚರಿಕೆ: ಬಿಗಿಯಾಗಿ ಕಟ್ಟಲೆಂದು ಫೈಬರಿನ ಪಕ್ಕದಲ್ಲೇ ಉಕ್ಕಿನ ತಂತಿ ಬರುವ ಕೇಬಲ್ ಇದೆ. ಅಂಥದ್ದಾದರೆ ಆ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ, ಒಳಗೆ ಬಿಡಬೇಡಿ. ಅದು ಆಗುವ ತನಕ, ಮೋಡ ಕಟ್ಟಿದ ಕೂಡಲೇ ಈಗಿರುವ ತಾಮ್ರದ ಕೇಬಲನ್ನು ಎರಡೂ ಕಡೆ ಕಳಚಿಡಿ.