ಯುದ್ಧ ಕಾಣದ ಟಿ20

ಶಿವಮೊಗ್ಗದ ಓದುಗರೊಬ್ಬರ ಪ್ರಶ್ನೆ: ವರ್ಲ್ಡ್ ಆಫ್ ಟ್ಯಾಂಕ್ಸ್ ಎಂಬ ಆನ್‌ಲೈನ್ ಟ್ಯಾಂಕ್ ಕಾಳಗದ ಆಟದಲ್ಲಿ ಅಮೆರಿಕದ ಪರ್ಶಿಂಗ್ ಟ್ಯಾಂಕ್ ಸಿಗಬೇಕಾದರೆ ಮೊದಲು ಟಿ20 ಎಂಬ ಪ್ರಯೋಗದ ಟ್ಯಾಂಕ್ ಓಡಿಸಬೇಕು. ಯುದ್ಧವನ್ನೇ ಕಾಣದ, ಆಟದಲ್ಲೂ ಬೇಗ ಸಾಯುವ ಆ ತೆಳು ಕವಚದ ಗಾಡಿಯ ಹಂಗೇಕೆ? ನೇರವಾಗಿ ಪರ್ಶಿಂಗ್ ಕೊಡಬಾರದೇ?

ಉತ್ತರ: ಟಿ20 ರಣರಂಗಕ್ಕೆ ಹೋಗಲಿಲ್ಲ, ಒಪ್ಪಿದೆ. ಆದರೆ ಪರ್ಶಿಂಗ್ ಬಂದದ್ದೇ ಆ ದಾರಿಯಲ್ಲಿ, ಸ್ವಾಮಿ!

ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕ್ ಶರ್ಮನ್‌ನಲ್ಲಿ ಎಂಜಿನ್ ಹಿಂದೆ, ಗೇರ್‌ಬಾಕ್ಸ್ ಮುಂದೆ. ನಡುವೆ ಸಿಬ್ಬಂದಿಯ ಕಾಲಡಿಯಲ್ಲೇ ಡ್ರೈವ್ ಶಾಫ್ಟ್. ಗಾಡಿ ಅಷ್ಟೆತ್ತರ ಇರಲು ಅದೂ ಕಾರಣ. 1942ರಲ್ಲಿ ಶುರುವಾದ ಟಿ20 ಯೋಜನೆಯಲ್ಲಿ ಫೋರ್ಡ್ ವಿ8 ಎಂಜಿನ್, ಗೇರ್‌ಬಾಕ್ಸ್, ಟ್ರ್ಯಾಕ್ ಎಳೆಯುವ ಹಲ್ಲುಚಕ್ರ ಮೂರನ್ನೂ ಹಿಂದಕ್ಕೆ ಒಯ್ದರು. ಶಾಫ್ಟ್ ಹೋಯಿತು, ಎತ್ತರ ತಗ್ಗಿತು. ಎಣ್ಣೆಯ ಮೂಲಕ ಬಲ ಸಾಗಿಸುವ ಹೊಸ ಟಾರ್ಕ್‌ಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಎಣ್ಣೆ ಸೋರಿತು, ಕಾದು ಕೆಂಡವಾಯಿತು. ಅದರ ಇನ್ನೊಂದು ಮಾದರಿ ಟಿ22ರಲ್ಲಿ ಶರ್ಮನ್‌ನ ಮೆಕ್ಯಾನಿಕಲ್ ಗೇರ್‌ಬಾಕ್ಸ್ ಹಾಕಿ ನೋಡಿದರು. ಟಿ23ರಲ್ಲಿ ಗೇರ್‌ಬಾಕ್ಸಿನ ಬದಲು ಜನರೇಟರ್, ವಿದ್ಯುತ್ ಮೋಟಾರ್! ಇವನ್ನು 250 ಕಟ್ಟಿದರೂ ಮುಂಚೂಣಿಯಲ್ಲಿ ರಿಪೇರಿ ಕಷ್ಟವೆಂದು ಸೇನೆ ಹಿಂಜರಿಯಿತು. ಅದರ ಟರೆಟ್ (ತೋಪು ಹೊತ್ತು ತಿರುಗುವ ಮೇಲ್ಭಾಗ) ಮಾತ್ರ 76 ಮಿ.ಮೀ. ತೋಪಿನ ಶರ್ಮನ್‌ಗಳ ಮೇಲೆ ಕೂತು ಯುದ್ಧಕ್ಕೆ ಹೋಯಿತು. ಸುಧಾರಿಸಿದ ಟಾರ್ಕ್‌ಮ್ಯಾಟಿಕ್ ನೀವು ಮೆಚ್ಚುವ ಪರ್ಶಿಂಗ್‌ನ ಹೊಟ್ಟೆ ಸೇರಿತು.

ಆಟದವರ ತಪ್ಪೂ ಇದೆ. ನಿಜವಾದ ಟಿ20ರಲ್ಲಿದ್ದದ್ದು 76 ಮಿ.ಮೀ. ತೋಪು, ಆಟದಲ್ಲಿ 90 ಮಿ.ಮೀ. ಕೂಡ ಕೂರಿಸಬಹುದು. ನಿಜದಲ್ಲಿ ಆ ತೋಪು ಬಂದದ್ದು ಮುಂದಿನ ಟಿ25, ಟಿ26ಗಳಿಗೆ.

ಇನ್ನು ಅದು ಬೇಗ ಸಾಯುವುದಕ್ಕೆ ನಿಮ್ಮ ಓಡಿಸುವ ರೀತಿಯೂ ಕಾರಣವಿರಬಹುದು. ಬಯಲಿನಲ್ಲಿ ಎದೆಯೊಡ್ಡಬೇಡಿ. ತೋಪಿನ ನಳಿಗೆ 10 ಡಿಗ್ರಿ ಕೆಳಕ್ಕೆ ಬಾಗುತ್ತದೆ. ದಿಬ್ಬದ ಹಿಂದೆ ನಿಂತು ಟರೆಟ್ ಮಾತ್ರ ಮೇಲೆತ್ತಿ, ಒಂದು ಗುಂಡು ಹೊಡೆದು ತಕ್ಷಣ ಹಿಂದೆ ಸರಿಯಿರಿ. ಗುಂಡು ತುಂಬುವವರೆಗೆ ಅಲ್ಲೇ ನಿಂತಿರಿ ಅಂದರೆ ಕೆಟ್ಟಿರಿ, ಟರೆಟ್ ಕೂಡ ಭಾರಿ ತೋಪು ತಡೆಯುವಂಥದ್ದಲ್ಲ. ಪೊದೆಯ ಮರೆಯಿಂದ ಹೊಡೆಯುವುದಾದರೆ 15 ಮೀಟರಿಗಿಂತ ಹೆಚ್ಚು ಹಿಂದೆ ನಿಲ್ಲಿ. ಹತ್ತಿರವಿದ್ದರೆ ಗುಂಡು ಹಾರಿದೊಡನೆ ಮರೆ ಹೋಗುತ್ತದೆ. ಹಿಂದೆ ನಿಂತರೆ ಪೊದೆಯಾಚೆ ನಿಮಗೆ ಕಾಣದು, ಜೊತೆಗಾರ ಶತ್ರುವನ್ನು ತೋರಿಸಿಕೊಡಬೇಕು.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಮ್ಮಲ್ಲಿ ಯುದ್ಧದ ಬಗ್ಗೆ ಬರೆಯುವವರು ಸೇನಾಪತಿಗಳ ಹೆಸರು, ಗೆದ್ದ ತಾರೀಕು ಒಪ್ಪಿಸಿ ಮುಗಿಸುತ್ತಾರೆ. ಎಣ್ಣೆ ಎಲ್ಲಿ ಸೋರಿತು, ಯಾರು ಹೇಗೆ ಸರಿಮಾಡಿದರು ಎಂದು ಒಂದು ಪುಟವೂ ಇಲ್ಲ. ಎಂಜಿನಿಯರಿಂಗ್ ಓದುವ ಮಕ್ಕಳು ಇಷ್ಟಿರುವ ನಾಡಿನಲ್ಲಿ ಗೇರ್‌ಬಾಕ್ಸಿನ ಕಥೆಗೆ ಓದುಗರಿಲ್ಲ ಎಂದರೆ ನಾನು ನಂಬುವುದಿಲ್ಲ. ನೀವೇ ಪತ್ರ ಬರೆದು ಕೇಳಿದಿರಲ್ಲ!